ನೆಲಮಾಳಿಗೆಯಲ್ಲಿ ಉಳಿದುಬಿಡುವ ಹೊಗೆ

ವಾಯುಮಾಲಿನ್ಯದ ಕುರಿತಾದ ಚರ್ಚೆಗಳು ಬಹುಮಟ್ಟಿಗೆ ರಸ್ತೆಗೇ ಸೀಮಿತವಾಗಿವೆ. ಸಿಗ್ನಲ್‌ನಲ್ಲಿ ಸಾಲುಗಟ್ಟಿ ನಿಂತ ವಾಹನಗಳು, ಕಪ್ಪು ಹೊಗೆ ಉಗುಳುವ ಹಳೆಯ ಲಾರಿಗಳು, ಕಾಮಗಾರಿಯ ದೂಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಅದೇ ವಾಹನಗಳು ಹೊರಡುವ ಮತ್ತು ಬಂದು ಸೇರುವ ಜಾಗಗಳು, ಅಂದರೆ ಅಪಾರ್ಟ್‌ಮೆಂಟ್, ಮಾಲ್, ಆಸ್ಪತ್ರೆ ಹಾಗೂ ಕಚೇರಿ ಕಟ್ಟಡಗಳ ನೆಲಮಾಳಿಗೆಯ ಪಾರ್ಕಿಂಗ್ ತಾಣಗಳು, ಈ ಚರ್ಚೆಯ ಹೊರಗೇ ಉಳಿದಿವೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿರುವ ಬೆಂಗಳೂರಿನಲ್ಲಿ ನಿವೇಶನದ ಬೆಲೆ ಏರಿದಂತೆಲ್ಲ ಪಾರ್ಕಿಂಗ್ ನೆಲದ ಅಡಿಗೆ ಇಳಿದಿದ್ದು, ಒಂದರ ಕೆಳಗೊಂದು ಎರಡು ಮೂರು ಬೇಸ್‌ಮೆಂಟ್‌ಗಳಿರುವ ಕಟ್ಟಡಗಳು ಈಗ ಅಪರೂಪವಲ್ಲ. ರಸ್ತೆಯ ಮೇಲೆ ಉಗುಳಿದ ಹೊಗೆಯನ್ನು ಬೀಸುವ ಗಾಳಿ ಚದುರಿಸುತ್ತದೆ. ನೆಲಮಾಳಿಗೆಯಲ್ಲಿ ಉಗುಳಿದ್ದನ್ನು ಯಂತ್ರದ ಮೂಲಕ ಹೊರಗೆ ಕಳಿಸದ ಹೊರತು ಅದು ಬಹುಕಾಲ ಅಲ್ಲಿಯೇ ಸುಳಿದಾಡುತ್ತಿರುತ್ತದೆ. ಆದ್ದರಿಂದ ಮುಚ್ಚಿದ ಪಾರ್ಕಿಂಗ್‌ನ ಗಾಳಿ ಎಷ್ಟು ಶುದ್ಧ ಎಂಬುದನ್ನು ವಾಹನ ಮಾತ್ರವಲ್ಲದೆ ಕಟ್ಟಡದ ವಿನ್ಯಾಸವೂ, ಅದಕ್ಕಿಂತ ಹೆಚ್ಚಾಗಿ ಆ ಕಟ್ಟಡವನ್ನು ದಿನನಿತ್ಯ ನೋಡಿಕೊಳ್ಳುವವರ ನಡವಳಿಕೆಯೂ ನಿರ್ಧರಿಸುತ್ತವೆ.

ಹೊಗೆಯೊಳಗೆ ಇರುವುದೇನು?

ಪೆಟ್ರೋಲ್ ಅಥವಾ ಡೀಸೆಲ್ ಸಂಪೂರ್ಣವಾಗಿ ಉರಿದರೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ. ಆದರೆ ಎಂಜಿನ್ನಿನೊಳಗಿನ ದಹನ ಎಂದೂ ಪರಿಪೂರ್ಣವಾಗಿರುವುದಿಲ್ಲ. ಇಂಧನಕ್ಕೆ ಸಾಕಷ್ಟು ಆಮ್ಲಜನಕ ದೊರೆಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಉರಿಯದೆ ಉಳಿದ ಇಂಧನ ಹೈಡ್ರೋಕಾರ್ಬನ್‌ಗಳ ರೂಪದಲ್ಲಿ ಹೊರಬರುತ್ತದೆ. ದಹನದ ತೀವ್ರ ಶಾಖದಲ್ಲಿ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕಗಳೇ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಡೀಸೆಲ್ ಎಂಜಿನ್‌ಗಳಿಂದ ಇವುಗಳ ಜೊತೆಗೆ ಮಸಿಯ ಸೂಕ್ಷ್ಮ ಕಣಗಳೂ ಬರುತ್ತವೆ. ಹೈಡ್ರೋಕಾರ್ಬನ್‌ಗಳ ಗುಂಪಿನಲ್ಲಿರುವ ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತಪಟ್ಟ ವಸ್ತುಗಳ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ ಅದೇ ಪಟ್ಟಿಗೆ ಸೇರಿಸಿತು.

ಇವೆಲ್ಲವುಗಳ ಪೈಕಿ ಮುಚ್ಚಿದ ಜಾಗದಲ್ಲಿ ತಕ್ಷಣದ ಪ್ರಾಣಾಪಾಯ ತರಬಲ್ಲದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗುಗಳಿಗೆ ಅದು ಉರಿಯನ್ನೂ ತರುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಗಾಳಿಯಲ್ಲಿ ಅದರ ಪ್ರಮಾಣ ತೀರ ಅಲ್ಪವಾಗಿದ್ದರೂ ಹೊತ್ತು ಕಳೆದಂತೆ ರಕ್ತದಲ್ಲಿ ಸಂಚಯವಾಗಿ ಮೆದುಳಿಗೂ ಹೃದಯಕ್ಕೂ ಆಮ್ಲಜನಕದ ಪೂರೈಕೆ ಕುಂಠಿತವಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಯಾಸ ಇದರ ಮೊದಲ ಲಕ್ಷಣಗಳು. ಇವು ಬಿಸಿಲಿನಿಂದಲೋ ಪಿತ್ತದಿಂದಲೋ ನಿದ್ದೆಗೆಟ್ಟಿದ್ದರಿಂದಲೋ ಆದಂತೆ ತೋರುವ ಕಾರಣ ಬಹಳ ಜನ ಅವನ್ನು ಕಡೆಗಣಿಸುತ್ತಾರೆ. ಬಾಧಿತ ವ್ಯಕ್ತಿ ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವ ಅನಿಲ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಆ ಅವಧಿ ಒಂದೂವರೆ ಗಂಟೆಯ ಒಳಗೆ ಬರುತ್ತದೆ. ಕೊರೊನಾ ಕಾಲದಲ್ಲಿ ಅನೇಕ ಮನೆಗಳನ್ನು ಸೇರಿದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸಿ, ರೋಗಿ ಅಪಾಯದಲ್ಲಿದ್ದಾಗಲೂ ಎಲ್ಲ ಸರಿಯಿದೆ ಎಂಬ ಅಂಕಿಯನ್ನೇ ತೋರಿಸುತ್ತದೆ.

ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಅದು ತಪ್ಪು. ಕಾರ್ಬನ್ ಮಾನಾಕ್ಸೈಡ್‌ನ ಅಣುತೂಕ 28. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಹೀಗಾಗಿ ಅದು ಕೆಳಗೆ ಇಳಿಯದೆ ಇಡೀ ಜಾಗದ ಗಾಳಿಯಲ್ಲಿ ಬೆರೆತುಹೋಗುತ್ತದೆ. ಅದನ್ನು ಅಳೆಯುವ ಸಂವೇದಕಗಳನ್ನು, ಅಂದರೆ ಸೆನ್ಸರ್‌ಗಳನ್ನು, ನೆಲದ ಹತ್ತಿರವಾಗಲಿ ಸೂರಿನಲ್ಲಾಗಲಿ ಅಳವಡಿಸದೆ ನಿಂತ ಮನುಷ್ಯ ಉಸಿರಾಡುವ ಎತ್ತರದಲ್ಲಿ ಅಳವಡಿಸುವುದು ಇದೇ ಕಾರಣಕ್ಕೆ.

ತಣ್ಣಗಿನ ಎಂಜಿನ್ನಿನ ಮೊದಲ ನಿಮಿಷಗಳು

ಆಧುನಿಕ ವಾಹನಗಳ ಹೊಗೆ ಹಿಂದಿನದಕ್ಕಿಂತ ಎಷ್ಟೋ ಪಾಲು ಶುದ್ಧವಾಗಿದೆ ಎಂಬುದು ನಿಜ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು; 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ದೇಶದಾದ್ಯಂತ ಜಾರಿಗೆ ಬಂದವು. ಎಂಜಿನ್ ಮತ್ತು ಸೈಲೆನ್ಸರ್‌ಗಳ ನಡುವೆ ಇರುವ ಈ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪವಿದ್ದು, ಹೊಗೆ ಅದರ ಮೂಲಕ ಹಾದುಹೋಗುವಾಗ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ನಿರುಪದ್ರವಿ ಅನಿಲಗಳಾಗಿ ಮಾರ್ಪಡುತ್ತವೆ. ಆದರೆ ಈ ಕ್ರಿಯೆ ನಡೆಯಬೇಕಾದರೆ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಕನ್ವರ್ಟರ್ ತಣ್ಣಗಿರುತ್ತದೆ. ತಣ್ಣಗಿನ ಎಂಜಿನ್ ಸುಗಮವಾಗಿ ಓಡಲೆಂದು ಅದಕ್ಕೆ ಹೆಚ್ಚು ಇಂಧನವೂ ಪೂರೈಕೆಯಾಗುತ್ತದೆ. ಹೊಗೆ ಅತ್ಯಂತ ಕೊಳಕಾಗಿರುವ, ಅದನ್ನು ಶುದ್ಧೀಕರಿಸುವ ಸಾಧನ ಇನ್ನೂ ಕೆಲಸಕ್ಕೆ ತೊಡಗಿರದ ಈ ಮೊದಲ ಒಂದೆರಡು ನಿಮಿಷಗಳು ಕಳೆಯುವುದು ರಸ್ತೆಯಲ್ಲಲ್ಲ, ನೆಲಮಾಳಿಗೆಯಲ್ಲಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗಿನ ಹೊತ್ತು ಸಂಜೆಗಿಂತ ಹೆಚ್ಚು ಹಾನಿಕರ ಎನ್ನುವುದಕ್ಕೆ ಕಾರಣ ಇದೇ. ಸಂಜೆ ಮರಳುವ ವಾಹನಗಳ ಕನ್ವರ್ಟರ್‌ಗಳು ದಾರಿಯುದ್ದಕ್ಕೂ ಕಾದು ಬಂದಿರುತ್ತವೆ; ಬೆಳಿಗ್ಗೆ ಶಾಲೆ ಮತ್ತು ಕಚೇರಿಯ ವೇಳೆಗೆ ಒಟ್ಟಿಗೇ ಹೊರಡುವ ಹತ್ತಾರು ವಾಹನಗಳು ತಣ್ಣಗಿರುತ್ತವೆ. ಮಾಲ್‌ಗಳಲ್ಲಿ ಇದರ ಇನ್ನೊಂದು ರೂಪವನ್ನು ಕಾಣಬಹುದು. ಸಿನಿಮಾ ಮುಗಿದ ಕೂಡಲೇ ಎರಡು ಮೂರು ಗಂಟೆ ನಿಂತು ಆರಿದ ಕಾರುಗಳೆಲ್ಲ ಒಮ್ಮೆಲೇ ಚಾಲೂ ಆಗಿ, ಇಳಿಜಾರಿನ ದಾರಿಯಲ್ಲಿ ಒಂದರ ಹಿಂದೊಂದು ನಿಂತು, ಹಣ ಕಟ್ಟುವ ಗೂಡಿನತ್ತ ಇಂಚಿಂಚಾಗಿ ಮೇಲೇರುತ್ತವೆ. ಏರಿನಲ್ಲಿ ಎಂಜಿನ್ನಿನ ಮೇಲೆ ಭಾರ ಹೆಚ್ಚು, ಸಾಲು ನಿಂತಲ್ಲಿ ಹೊಗೆ ಹೊರಡುವುದು ನಿಲ್ಲುವುದಿಲ್ಲ, ಮತ್ತು ಎಲ್ಲ ವಾಹನಗಳೂ ಹಾಯುವ ಆ ಇಕ್ಕಟ್ಟಿನ ಬಾಯಿಯಲ್ಲೇ ಚೀಟಿ ಹರಿಯುವ ನೌಕರ ದಿನವಿಡೀ ಕುಳಿತಿರುತ್ತಾನೆ. ಹಣವನ್ನು ಮೊದಲೇ ಮೇಲಿನ ಮಹಡಿಯಲ್ಲಿ ಕಟ್ಟಿಸಿಕೊಳ್ಳುವುದು ಅಥವಾ ಫಾಸ್ಟ್ಯಾಗ್ ಮೂಲಕ ವಸೂಲು ಮಾಡುವುದು ಗ್ರಾಹಕರ ಸಮಯವನ್ನಷ್ಟೇ ಅಲ್ಲ, ಆ ನೌಕರನ ಶ್ವಾಸಕೋಶವನ್ನೂ ಉಳಿಸುತ್ತದೆ.

ಸಣ್ಣ ಗ್ಯಾರೇಜಿನ ಲೆಕ್ಕ

ಮುಚ್ಚಿದ ಜಾಗದಲ್ಲಿ ಅಪಾಯ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಲೀಟರ್ ಸಾಮರ್ಥ್ಯದ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ ಅಂದಾಜು 150 ಲೀಟರ್ ಹೊಗೆಯನ್ನು ಹೊರಹಾಕುತ್ತದೆ ಎಂದುಕೊಳ್ಳೋಣ. 2000ಕ್ಕೂ ಮೊದಲು ತಯಾರಾದ ಹಳೆಯ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಅನುಮತಿಯಿದ್ದ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಶೇ 3. ಅಂದರೆ ನಿಮಿಷಕ್ಕೆ ನಾಲ್ಕೂವರೆ ಲೀಟರ್. ಆರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಮನೆಯ ಗ್ಯಾರೇಜಿನಲ್ಲಿ ಹಿಡಿಸುವ ಗಾಳಿ 45,000 ಲೀಟರ್. ಬಾಗಿಲು ಮುಚ್ಚಿದ್ದರೆ ಅಲ್ಲಿನ ಗಾಳಿಯಲ್ಲಿ ಈ ಅನಿಲ ಪ್ರತಿ ನಿಮಿಷಕ್ಕೂ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗದಷ್ಟು ಏರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಜೀವಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ 1,200 ಪಿಪಿಎಂ ಮಟ್ಟವನ್ನು ಹನ್ನೆರಡೇ ನಿಮಿಷಗಳಲ್ಲಿ ತಲುಪಿದಂತಾಯಿತು.

ಭಾರತ್ ಸ್ಟೇಜ್ 4 ಮತ್ತು 6ರ ಕಾರುಗಳಿಗೆ ಇದೇ ಮಿತಿ ಶೇ 0.3 ಆಗಿರುವುದರಿಂದ, ಕನ್ವರ್ಟರ್ ಕಾದ ಮೇಲೆ ಈ ಏರಿಕೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತಾ ಹೋದಂತೆ ಆಮ್ಲಜನಕ ಕಡಿಮೆಯಾಗಿ ದಹನ ಕೆಡುತ್ತದೆ, ಕನ್ವರ್ಟರ್‌ನ ಸಾಮರ್ಥ್ಯವೂ ಕುಗ್ಗುತ್ತದೆ. ಬಾಗಿಲು ತೆರೆದಿದ್ದರೆ ಸಾಕು ಎಂಬ ಭರವಸೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯ ನಡೆಸಿದ ಅಳತೆಯಲ್ಲಿ, ದೊಡ್ಡ ಬಾಗಿಲನ್ನು ತೆರೆದಿಟ್ಟು ಗ್ಯಾರೇಜಿನೊಳಗೆ ಎರಡೇ ನಿಮಿಷ ಕಾರು ಓಡಿಸಿದಾಗ ಕಾರ್ಬನ್ ಮಾನಾಕ್ಸೈಡ್ 500 ಪಿಪಿಎಂಗೆ ಏರಿತ್ತು. ಕಾರು ಹೊರಹೋಗಿ ಹತ್ತು ಗಂಟೆ ಕಳೆದ ಮೇಲೂ ಅಲ್ಲಿ ಅನಿಲದ ಅಂಶ ಅಳತೆಗೆ ಸಿಗುತ್ತಿತ್ತು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿಕೊಂಡು, ಎಸಿ ಹಾಕಿ, ಗಾಜು ಏರಿಸಿ ಮಾಲೀಕರಿಗಾಗಿ ಕಾಯುತ್ತಾ ನಿದ್ದೆ ಹೋಗುವ ಚಾಲಕರು ಒಡ್ಡಿಕೊಳ್ಳುವ ಅಪಾಯ ಇದೇ ಬಗೆಯದು.

ಗಾಳಿಯ ಬದಲಾವಣೆ

ಮುಚ್ಚಿದ ಜಾಗದಲ್ಲಿ ವಾಹನದ ಹೊಗೆಯನ್ನು ನಿಭಾಯಿಸುವ ವಿಜ್ಞಾನ ಬೆಳೆದದ್ದು ಪಾರ್ಕಿಂಗ್ ತಾಣಗಳಲ್ಲಿ ಅಲ್ಲ, ಸುರಂಗಗಳಲ್ಲಿ. ನ್ಯೂಯಾರ್ಕಿನ ಹಡ್ಸನ್ ನದಿಯ ಅಡಿಯಲ್ಲಿ ವಾಹನಗಳಿಗಾಗಿ ಹಾಲೆಂಡ್ ಸುರಂಗವನ್ನು ರೂಪಿಸುವಾಗ, ಇಷ್ಟು ಉದ್ದದ ಕೊಳವೆಯಲ್ಲಿ ಮೋಟಾರುಗಳು ಓಡಿದರೆ ಒಳಗಿದ್ದವರು ಬದುಕುಳಿಯುವರೇ ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಮೆರಿಕದ ಗಣಿ ಇಲಾಖೆ ಮತ್ತು ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾಹನಗಳ ಹೊಗೆಯನ್ನು ಅಳೆದು, ಮನುಷ್ಯ ಎಷ್ಟು ಹೊತ್ತು ಎಷ್ಟು ಕಾರ್ಬನ್ ಮಾನಾಕ್ಸೈಡ್ ತಾಳಬಲ್ಲ ಎಂದು ಪ್ರಯೋಗಗಳ ಮೂಲಕ ಕಂಡುಕೊಂಡ ಮೇಲೆ, ರಸ್ತೆಯ ಕೆಳಗಿನ ನಾಳದಿಂದ ಶುದ್ಧ ಗಾಳಿಯನ್ನು ಒಳಬಿಟ್ಟು ಸೂರಿನ ಮೇಲಿನ ನಾಳದಿಂದ ಕೆಟ್ಟ ಗಾಳಿಯನ್ನು ಹೊರಗೆಳೆಯುವ ವ್ಯವಸ್ಥೆ ರೂಪುಗೊಂಡಿತು. 84 ಬೃಹತ್ ಫ್ಯಾನ್‌ಗಳ ಈ ಸುರಂಗ 1927ರಲ್ಲಿ ತೆರೆಯಿತು. ಅದರ ಗಾಳಿಯನ್ನೆಲ್ಲ ಒಂದೂವರೆ ನಿಮಿಷದಲ್ಲಿ ಬದಲಾಯಿಸಬಲ್ಲ ಏರ್ಪಾಡು ಅದಾಗಿತ್ತು. ಇಂದಿನ ನೆಲಮಾಳಿಗೆಗಳ ಸೂರಿನಲ್ಲಿ ಸಾಲಾಗಿ ತೂಗುಹಾಕಿ, ಹೊಗೆಯನ್ನು ಮುಂದಕ್ಕೆ ತಳ್ಳುತ್ತಾ ಹೋಗುವ ಕೊಳವೆಯಾಕಾರದ ಜೆಟ್ ಫ್ಯಾನ್‌ಗಳೂ ಸುರಂಗಗಳಿಂದಲೇ ಬಂದವು.

ಕಟ್ಟಡಗಳಲ್ಲಿ ಇದನ್ನು ಅಳೆಯುವ ಮಾನವೇ ಗಾಳಿ ಬದಲಾವಣೆಯ ದರ. ಕೋಣೆಯ ಒಟ್ಟು ಗಾತ್ರದಷ್ಟು ಗಾಳಿ ಗಂಟೆಗೆ ಎಷ್ಟು ಸಲ ಒಳಬಂದು ಹೊರಹೋಗುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಸಾಮಾನ್ಯ ಸಂದರ್ಭದಲ್ಲಿ ಗಂಟೆಗೆ 6, ಬೆಂಕಿಯಂತಹ ತುರ್ತಿನಲ್ಲಿ 12 ಬದಲಾವಣೆಗಳು ನಡೆಯಬೇಕು. ಎರಡು ಸಾವಿರ ಚದರ ಮೀಟರ್ ವಿಸ್ತಾರದ, ಮೂರು ಮೀಟರ್ ಎತ್ತರದ ಬೇಸ್‌ಮೆಂಟಿಗೆ ಇದನ್ನು ಅನ್ವಯಿಸಿದರೆ ಪ್ರತಿ ಸೆಕೆಂಡಿಗೆ 10 ಘನ ಮೀಟರ್ ಗಾಳಿ ಬೇಕಾಗುತ್ತದೆ. ಗಂಟೆಗೆ ಆರು ಸಲ ಎಂದರೆ ಹತ್ತು ನಿಮಿಷಕ್ಕೊಮ್ಮೆ ಹೊಗೆಯೆಲ್ಲ ಖಾಲಿಯಾಗುತ್ತದೆ ಎಂದು ತಿಳಿಯುವುದು ಸರಿಯಲ್ಲ. ಒಳಬಂದ ಶುದ್ಧ ಗಾಳಿ ಹಳೆಯ ಗಾಳಿಯೊಡನೆ ಬೆರೆಯುವುದರಿಂದ, ಒಂದು ಬದಲಾವಣೆಯ ನಂತರವೂ ಶೇ 37ರಷ್ಟು ಮಲಿನ ಅಂಶ ಉಳಿದಿರುತ್ತದೆ. ಅದು ಶೇ 5ಕ್ಕೆ ಇಳಿಯಲು ಮೂರು ಬದಲಾವಣೆಗಳು, ಅಂದರೆ ಅರ್ಧ ಗಂಟೆ ಬೇಕು. ಫ್ಯಾನ್ ನಿಂತು ಗಂಟೆಗೆ ಅರ್ಧ ಬದಲಾವಣೆಯಷ್ಟೇ ನಡೆಯುತ್ತಿದ್ದರೆ ಅಷ್ಟು ಶುದ್ಧಿಗೆ ಹಿಡಿಯುವ ಕಾಲ ಆರು ಗಂಟೆ. ಬೆಳಗಿನ ಎಂಟು ಗಂಟೆಯ ಹೊಗೆ ಮಧ್ಯಾಹ್ನದ ಊಟದ ಹೊತ್ತಿಗೂ ಅಲ್ಲಿ ಇರುತ್ತದೆ.

ಇದು ಕೂಡ ಗಾಳಿ ಎಲ್ಲ ಕಡೆಯೂ ಸಮವಾಗಿ ಬೆರೆತಾಗಿನ ಮಾತು. ಗಾಳಿ ಒಳಬರುವ ಮತ್ತು ಹೊರಹೋಗುವ ಕಿಂಡಿಗಳು ಅಕ್ಕಪಕ್ಕದಲ್ಲಿದ್ದರೆ ಬಂದ ಗಾಳಿ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ. ಮೂಲೆಗಳಲ್ಲಿ, ಗೋಡೆ ಕಟ್ಟಿ ಮಾಡಿಕೊಂಡ ಉಗ್ರಾಣಗಳ ಹಿಂದೆ, ಇಳಿಜಾರಿನ ಕೆಳಗಿನ ಸಂದಿಗಳಲ್ಲಿ ಗಾಳಿ ಆಡುವುದೇ ಇಲ್ಲ. ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ, ಕೆಳಗೆ ಸುತ್ತಲೂ ತೆರೆದಿಟ್ಟ ಸ್ಟಿಲ್ಟ್ ಪಾರ್ಕಿಂಗ್ ಈ ದೃಷ್ಟಿಯಿಂದ ಎಷ್ಟೋ ಮೇಲು. ಆದರೆ ಸುರಕ್ಷತೆಗೆಂದೋ ಮಳೆ ಎರಚಲಿಗೆಂದೋ ಅದರ ಬದಿಗಳಿಗೆ ಶೀಟು ಹೊಡೆಸಿದರೆ ತೆರೆದ ಜಾಗವೂ ಮುಚ್ಚಿದ ಗ್ಯಾರೇಜ್ ಆಗುತ್ತದೆ. ನೆಲಮಾಳಿಗೆಯ ಗಾಳಿಕಿಂಡಿಗಳ ಒಟ್ಟು ವಿಸ್ತಾರ ನೆಲದ ವಿಸ್ತಾರದ ಶೇ 2.5ಕ್ಕೆ ಕಡಿಮೆಯಿರಬಾರದು ಮತ್ತು ಅವು ಸುತ್ತಲೂ ಸಮವಾಗಿ ಹರಡಿರಬೇಕು ಎಂದು ಸಂಹಿತೆ ಹೇಳುವುದು ಇದೇ ಕಾರಣಕ್ಕೆ.

ಮಾನದಂಡ ಯಾರಿಗಾಗಿ?

ಪಾರ್ಕಿಂಗ್ ತಾಣಗಳ ಮಾನದಂಡಗಳನ್ನು ಹೋಲಿಸಿ ನೋಡಿದಾಗ ಒಂದು ಗಂಭೀರ ಅಂತರ ಎದ್ದುಕಾಣುತ್ತದೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯು ಮುಚ್ಚಿದ ಕಾರ್ ಪಾರ್ಕ್‌ನಲ್ಲಿ ಎಂಟು ಗಂಟೆಗಳ ಸರಾಸರಿಯಾಗಿ 30 ಪಿಪಿಎಂವರೆಗೆ, ಇಳಿಜಾರು ಹಾಗೂ ನಿರ್ಗಮನದ ಬಳಿ ಹದಿನೈದು ನಿಮಿಷ ಮೀರದಂತೆ 90 ಪಿಪಿಎಂವರೆಗೆ ಕಾರ್ಬನ್ ಮಾನಾಕ್ಸೈಡ್‌ಗೆ ಅವಕಾಶ ಕೊಡುತ್ತದೆ. ಕಟ್ಟಡಗಳ ಒಳಗಾಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಸೂಚಿಸಿದ ಎಂಟು ಗಂಟೆಗಳ ಮಿತಿ ಒಂದು ಘನ ಮೀಟರಿಗೆ 10 ಮಿಲಿಗ್ರಾಂ, ಅಂದರೆ ಸುಮಾರು 9 ಪಿಪಿಎಂ. ಹೊರಗಿನ ಗಾಳಿಗಾಗಿ ಭಾರತ ನಿಗದಿಪಡಿಸಿರುವುದು ಅದಕ್ಕಿಂತಲೂ ಕಡಿಮೆ: ಎಂಟು ಗಂಟೆಗೆ 2 ಮಿಲಿಗ್ರಾಂ. ಕಾರು ನಿಲ್ಲಿಸಿ ಐದು ನಿಮಿಷದಲ್ಲಿ ಲಿಫ್ಟ್ ಹತ್ತುವವರಿಗೆ ಈ ಅಂತರದಿಂದ ಆಗುವ ಬಾಧೆ ಅಲ್ಪ. ಆದರೆ ಭದ್ರತಾ ಸಿಬ್ಬಂದಿ, ಕಾರು ತೊಳೆಯುವವರು, ಪಾರ್ಕಿಂಗ್ ಸಹಾಯಕರು, ಅಲ್ಲಿಯೇ ಕಾಯುವ ಚಾಲಕರು, ಇವರೆಲ್ಲ ಇಡೀ ಪಾಳಿಯನ್ನು ಅದೇ ಗಾಳಿಯಲ್ಲಿ ಕಳೆಯುತ್ತಾರೆ. ಅವರಲ್ಲಿ ಹೃದ್ರೋಗಿಗಳು, ಆಸ್ತಮಾ ಇರುವವರು, ಗರ್ಭಿಣಿಯರೂ ಇರಬಹುದು.

ಕಾರ್ಬನ್ ಮಾನಾಕ್ಸೈಡ್ ಒಂದನ್ನೇ ಅಳೆದರೆ ಸಾಕೆಂಬ ಹಳೆಯ ರೂಢಿಯೂ ಮರುಪರಿಶೀಲನೆ ಬೇಡುತ್ತದೆ. ಪೆಟ್ರೋಲ್ ಕಾರುಗಳ ಕಾಲದಲ್ಲಿ ಅದು ಒಟ್ಟು ಹೊಗೆಗೆ ಒಳ್ಳೆಯ ಸೂಚಕವಾಗಿತ್ತು. ಡೀಸೆಲ್ ಎಂಜಿನ್ ಈ ಅನಿಲವನ್ನು ಕಡಿಮೆ ಬಿಡುತ್ತದೆ, ಆದರೆ ಶ್ವಾಸನಾಳಗಳನ್ನು ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಮತ್ತು ಸೂಕ್ಷ್ಮ ಕಣಗಳ ವಿಷಯದಲ್ಲಿ ಅದರ ಪಾಲು ದೊಡ್ಡದು. ಡೀಸೆಲ್ ವಾಹನಗಳು ಹೆಚ್ಚಿರುವ ತಾಣದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ಸುಮ್ಮನಿದ್ದರೂ ಗಾಳಿ ಕೆಟ್ಟಿರಬಹುದಾದ್ದರಿಂದ ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಸೆನ್ಸರೂ ಬೇಕು. ಕರೆಂಟು ಹೋದಾಗ ಓಡುವ ಡೀಸೆಲ್ ಜನರೇಟರ್ ನೆಲಮಾಳಿಗೆಯಲ್ಲಿದ್ದರಂತೂ ಅದರ ಹೊಗೆಕೊಳವೆ ಕಟ್ಟಡದ ನೆತ್ತಿಯನ್ನು ದಾಟಿ ಮೇಲಕ್ಕೆ ಹೋಗಿರಲೇಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದ ಪ್ರಕಾರ 100 ಕೆವಿಎ ಜನರೇಟರಿನ ಕೊಳವೆ ಕಟ್ಟಡಕ್ಕಿಂತ ಎರಡು ಮೀಟರ್ ಎತ್ತರವಿರಬೇಕು.

ನೆಲಮಾಳಿಗೆಯ ಗಾಳಿ ನೆಲಮಾಳಿಗೆಯಲ್ಲೇ ಉಳಿಯುವುದೂ ಇಲ್ಲ. ಲಿಫ್ಟಿನ ಬಾವಿ, ಮೆಟ್ಟಿಲು, ಪೈಪುಗಳು ಹಾಯುವ ಸಂದುಗಳ ಮೂಲಕ ಅದು ಮೇಲಿನ ಮನೆಗಳತ್ತ ಏರುತ್ತದೆ; ಲಿಫ್ಟ್ ಬಾಗಿಲ ಮುಂದೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿರುವ ಕಿರುಕೋಣೆಯೊಂದಿದ್ದರೆ ಈ ಹರಿವನ್ನು ಬಹಳಷ್ಟು ತಡೆಯಬಹುದು.

ಫ್ಯಾನ್ ಇದ್ದರೆ ಸಾಲದು

ನಕ್ಷೆಯಲ್ಲಿ ಫ್ಯಾನ್ ತೋರಿಸಿ, ಅಳವಡಿಸಿ, ಪರವಾನಗಿ ಪಡೆದ ಮೇಲೆ ವಿದ್ಯುತ್ ಬಿಲ್ಲಿನ ಅಥವಾ ಸದ್ದಿನ ಕಾರಣಕ್ಕೆ ಅದನ್ನು ಆರಿಸಿಡುವುದರಿಂದ ಇಡೀ ವ್ಯವಸ್ಥೆ ಅರ್ಥ ಕಳೆದುಕೊಳ್ಳುತ್ತದೆ. ವಾಸ್ತವದಲ್ಲಿ ಆರಿಸಿಡುವುದಕ್ಕೂ ಪೂರ್ಣ ವೇಗದಲ್ಲಿ ಓಡಿಸುವುದಕ್ಕೂ ನಡುವೆ ಅಗ್ಗದ ದಾರಿಯೊಂದಿದೆ. ಫ್ಯಾನ್ ಬಳಸುವ ವಿದ್ಯುತ್ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುವುದರಿಂದ, ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ವಿದ್ಯುತ್ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆನ್ಸರ್‌ಗಳ ಸೂಚನೆಯಂತೆ ವೇಗ ಏರಿಳಿಯುವ ನಿಯಂತ್ರಕವನ್ನು ಅಳವಡಿಸಿದರೆ ವಾಹನಗಳಿಲ್ಲದ ಹೊತ್ತಿನಲ್ಲಿ ಮಂದವಾಗಿಯೂ ಬೆಳಿಗ್ಗೆ ಮತ್ತು ಸಂಜೆ ಚುರುಕಾಗಿಯೂ ಫ್ಯಾನ್ ಓಡುತ್ತದೆ. ಆದರೆ ಸೆನ್ಸರ್‌ಗಳು ಕಾಲಕ್ರಮದಲ್ಲಿ ಮೊಂಡಾಗುವುದರಿಂದ ತಯಾರಕರು ಹೇಳಿದ ಅವಧಿಗೊಮ್ಮೆ ಅವನ್ನು ಪರೀಕ್ಷಿಸಿ ಸರಿಪಡಿಸದಿದ್ದರೆ ಅವು ಸುಳ್ಳು ಭರವಸೆಯನ್ನಷ್ಟೇ ಕೊಡುತ್ತವೆ. ವಿದ್ಯುತ್ ವಾಹನಗಳು ಹೆಚ್ಚಿದಂತೆ ಸೈಲೆನ್ಸರ್ ಹೊಗೆ ಕಡಿಮೆಯಾಗುವುದು ಖಚಿತವಾದರೂ, ಬ್ರೇಕು ಟೈರುಗಳ ದೂಳಿಗೂ ಬೆಂಕಿಯ ಸಂದರ್ಭದ ಹೊಗೆಗೂ ಇದೇ ಫ್ಯಾನ್‌ಗಳು ಬೇಕಾಗುವುದರಿಂದ ವಾತಾಯನದ ಅಗತ್ಯ ತಪ್ಪುವುದಿಲ್ಲ.

ನಿವಾಸಿಗಳ ಸಂಘಗಳು ಮತ್ತು ಕಟ್ಟಡಗಳ ಆಡಳಿತದವರು ಮುಂದಿನ ಸಭೆಯಲ್ಲೇ ತೀರ್ಮಾನಿಸಬಹುದಾದ ಕೆಲಸಗಳು ಕೆಲವಿವೆ: ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯಲ್ಲಿ ಎಕ್ಸಾಸ್ಟ್ ಫ್ಯಾನ್‌ಗಳು ಕಡ್ಡಾಯವಾಗಿ ಓಡಬೇಕು, ಸೆನ್ಸರ್‌ಗಳ ಕಡೆಯ ಪರೀಕ್ಷೆಯ ದಿನಾಂಕವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು, ಗಾಳಿಕಿಂಡಿಗಳಿಗೆ ಅಡ್ಡವಾಗಿಟ್ಟ ಸಾಮಾನುಗಳನ್ನು ತೆಗೆಸಬೇಕು, ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಿಕೊಂಡು ನಿಲ್ಲುವುದನ್ನು ನಿಷೇಧಿಸಬೇಕು, ಕಾವಲುಗಾರರ ಕುರ್ಚಿಯನ್ನು ಇಳಿಜಾರಿನ ಬುಡದಿಂದ ಮೇಲಿನ ತೆರೆದ ಗಾಳಿಗೆ ಸಾಗಿಸಬೇಕು. ನೆಲಮಾಳಿಗೆಯಲ್ಲಿ ಯಾರಿಗಾದರೂ ತಲೆಸುತ್ತು ಬಂದರೆ ಮೊದಲು ಅವರನ್ನು ಹೊರಗೆ ಕರೆತಂದು, ನಂತರ ಕಾರಣ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಒಯ್ದು, ಹೊಗೆಯಲ್ಲಿದ್ದರೆಂಬ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.